ತೆರೆಯ ಹಿಂದಿನ ದುಡಿಮೆಗೂ ದಾಖಲೆ ಬೇಕು

ಚಲನಚಿತ್ರವೊಂದು ತೆರೆ ಕಾಣುವ ಮುನ್ನವೇ ಅದರ ‘ಮೇಕಿಂಗ್’ ತುಣುಕುಗಳು ಹೊರಬರುವುದು ಈಗ ವಾಡಿಕೆಯಾಗಿದೆ. ನಂಜನಗೂಡು ಸೀಮೆಯ ಹೆಮ್ಮರಗಾಲದಂತಹ ಗ್ರಾಮದಲ್ಲೂ ಯುವಕರು ಅವನ್ನು ಮೊಬೈಲಿನಲ್ಲಿ ಕುತೂಹಲದಿಂದ ವೀಕ್ಷಿಸುತ್ತಾರೆ. ನಾನೂ ಹಲವನ್ನು ನೋಡಿದ್ದೇನೆ. ನಾಯಕನಟನ ಕಸರತ್ತು, ನಿರ್ಮಾಪಕರ ವೆಚ್ಚದ ಲೆಕ್ಕ, ಪರಸ್ಪರ ಪ್ರಶಂಸೆ. ಬಹುಪಾಲು ತುಣುಕುಗಳ ಹೂರಣ ಇಷ್ಟೇ. ಅರ್ಥಶಾಸ್ತ್ರ ಓದಿದ ನನ್ನನ್ನು ಕಾಡುವ ಪ್ರಶ್ನೆ ಬೇರೆ: ದುಡಿದವರು ಯಾರು, ಅಪಾಯವನ್ನು ಹೊತ್ತವರು ಯಾರು?

ಈ ಪ್ರಕಾರ ನಮಗೆ ಹೊಸತೇನಲ್ಲ. ಚಿತ್ರ ತಯಾರಾಗುವ ಬಗೆಯನ್ನು ದಾದಾಸಾಹೇಬ್ ಫಾಲ್ಕೆ 1917ರಲ್ಲೇ ಕಿರುಚಿತ್ರವಾಗಿಸಿದ್ದರು. ಕಲಾವಿದರಿಗೆ ನಿರ್ದೇಶನ ನೀಡುವುದು, ಫಿಲ್ಮ್ ಸುರುಳಿಯನ್ನು ಪರೀಕ್ಷಿಸುವುದು ಮುಂತಾದ ಕೆಲಸಗಳೇ ಅಲ್ಲಿನ ವಸ್ತು. 1982ರಲ್ಲಿ ಅಮೆರಿಕದ ಲೆಸ್ ಬ್ಲಾಂಕ್ ತಯಾರಿಸಿದ ‘ಬರ್ಡನ್ ಆಫ್ ಡ್ರೀಮ್ಸ್’, ಜರ್ಮನ್ ನಿರ್ದೇಶಕ ಹೆರ್ಜೋಗ್ ತಮ್ಮ ಚಿತ್ರಕ್ಕಾಗಿ ಪೆರು ದೇಶದ ಕಾಡಿನಲ್ಲಿ ಹಡಗನ್ನು ಗುಡ್ಡ ಹತ್ತಿಸಿದ ಸಾಹಸದೊಂದಿಗೆ, ಅದಕ್ಕೆ ಹೆಗಲು ಕೊಟ್ಟ ಮೂಲನಿವಾಸಿ ಕಾರ್ಮಿಕರನ್ನೂ ತೋರಿಸಿತು.

ನಮ್ಮಲ್ಲಿ ಆ ದೃಷ್ಟಿ ಏಕೆ ಅಗತ್ಯವೆಂಬುದಕ್ಕೆ ದೂರ ಹೋಗಬೇಕಿಲ್ಲ. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹತ್ತಿ 62 ಮಂದಿ ಮೃತಪಟ್ಟರು. ಧಾರಾವಾಹಿ ಪ್ರಸಾರವಾಗಿ ಜನಪ್ರಿಯವಾಯಿತು. ಮಡಿದವರಲ್ಲಿ ಬಹುತೇಕರ ಹೆಸರು ಇಂದು ಸಾರ್ವಜನಿಕರ ನೆನಪಿನಲ್ಲಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಜಿಗಿದ ಇಬ್ಬರು ಕಲಾವಿದರು ಮುಳುಗಿ ಅಸುನೀಗಿದರು. ಈಜಿನಲ್ಲಿ ತಮಗೆ ಪರಿಣತಿ ಇಲ್ಲವೆಂಬ ಅವರ ಮಾತು ಜಿಗಿತಕ್ಕೆ ಮುನ್ನವೇ ಸುದ್ದಿವಾಹಿನಿಯ ಕ್ಯಾಮೆರಾದಲ್ಲಿ ದಾಖಲಾಗಿತ್ತು. ತೆರೆಯ ಹಿಂದಿನ ಕ್ಯಾಮೆರಾ ಸತ್ಯವನ್ನು ಹಿಡಿದಿತ್ತು. ಸಕಾಲದಲ್ಲಿ ಅದನ್ನು ಆಲಿಸುವವರು ಇರಲಿಲ್ಲ.

2024ರಲ್ಲಿ ರಾಜ್ಯದ ಶಾಸಕಾಂಗವು ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದವರ ಕ್ಷೇಮನಿಧಿಗಾಗಿ ಶೇ 1ರಿಂದ 2ರವರೆಗೆ ಸೆಸ್ ವಿಧಿಸುವ ಮಸೂದೆಯನ್ನು ಅಂಗೀಕರಿಸಿತು. ಸ್ವಾಗತಾರ್ಹ ಹೆಜ್ಜೆ. ಆದರೆ ಯಾರು ದುಡಿದರೆಂಬ ದಾಖಲೆಯೇ ಇಲ್ಲದಿದ್ದರೆ ನೆರವು ಅರ್ಹರನ್ನು ತಲುಪುವುದೆಂತು? ಆದುದರಿಂದ ಸರ್ಕಾರದ ಸಹಾಯಧನ ಕೋರುವ ಪ್ರತಿಯೊಂದು ಚಿತ್ರವೂ ದೀಪ ಹಿಡಿದವರು, ಸೆಟ್ ಕಟ್ಟಿದ ಬಡಗಿಗಳು, ಸಾಹಸ ಕಲಾವಿದರು ಹಾಗೂ ಸುರಕ್ಷತಾ ವ್ಯವಸ್ಥೆಗಳನ್ನೊಳಗೊಂಡ ನಿರ್ಮಾಣ ದಾಖಲೆಯೊಂದನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ಸಲ್ಲಿಸುವಂತೆ ನಿಯಮವಾಗಲಿ. ಚಿತ್ರೀಕರಣದಲ್ಲಿ ಹೇಗೂ ಹತ್ತಾರು ಕ್ಯಾಮೆರಾಗಳು, ಮೊಬೈಲುಗಳು ಇರುತ್ತವೆ. ಅವುಗಳಲ್ಲೊಂದನ್ನು ಈ ಕಡೆಗೆ ತಿರುಗಿಸಲು ತಗಲುವ ವೆಚ್ಚ ಅತ್ಯಲ್ಪ.