ನಿರೋಧ್ ಕೇಳಲು ನಾಚಿಕೆ, ರೋಗಕ್ಕಿಲ್ಲ ನಾಚಿಕೆ!

ರಾಮದುರ್ಗ: ಮೆಡಿಕಲ್ ಅಂಗಡಿಗೆ ಬಂದ ಗಿರಾಕಿ ಮೊದಲು ತಲೆನೋವಿನ ಗುಳಿಗೆ ಕೇಳುತ್ತಾನೆ. ಪಕ್ಕದವರು ಹೋಗುವ ತನಕ ಕಾಯುತ್ತಾನೆ. ಆಮೇಲೆ ಮೆಲ್ಲಗೆ 'ಅದು ಒಂದು ಪಾಕೀಟ ಕೊಡ್ರಿ' ಅನ್ನುತ್ತಾನೆ. ಅದು ಅಂದರೆ ಯಾವುದು ಎಂದು ಅಂಗಡಿಕಾರ ಕೇಳುವುದಿಲ್ಲ, ಹಾಳೆಯಲ್ಲಿ ಸುತ್ತಿ ಕೊಡುತ್ತಾನೆ.

ಈ ಸರಕಿಗೂ ಅಂಗಡಿಕಾರರಿಗೂ ನಂಟು ಹಳೆಯದು. 1968ರಲ್ಲಿ ಸರ್ಕಾರ ನಿರೋಧ್ ಹೊರತಂದಾಗ ಚಹಾಪುಡಿ, ಸಾಬೂನು ಹಂಚುವ ಕಂಪನಿಗಳೇ ಅದನ್ನು ಅಂಗಡಿಗಳಿಗೆ ಮುಟ್ಟಿಸಿದವು. ಮೂರಕ್ಕೆ 15 ಪೈಸೆ! ಆಗ ಇದ್ದದ್ದು ಕುಟುಂಬ ಯೋಜನೆಯ ಮಾತು. ಏಡ್ಸ್ ಬಂದ ಮೇಲೆ ಮಾತು ರೋಗದ ಕಡೆ ಹೊರಳಿತು. ದೂರವೇಕೆ, ನಮ್ಮದೇ ಜಿಲ್ಲೆಯ ಕಣಗಲಾದಲ್ಲಿ ಸರ್ಕಾರಿ ಲೇಟೆಕ್ಸ್ ಕಂಪನಿಯ ಕಾರ್ಖಾನೆ ಇದೆ.

ಹಾಗಾದರೆ ಇದು ಎಷ್ಟು ಕಾಯುತ್ತದೆ? 'ಹಾಕ್ಕೊಂಡ್ರ ಏನೂ ಆಗೂದಿಲ್ಲ' ಅನ್ನುವವರೂ ತಪ್ಪು, 'ಏನೂ ಉಪಯೋಗಿಲ್ಲ' ಅನ್ನುವವರೂ ತಪ್ಪು. ಎಚ್.ಐ.ವಿ., ಗನೋರಿಯಾ ಹರಡುವುದು ದೇಹದ ದ್ರವದಿಂದ. ಅದಕ್ಕೆ ಇದು ಗಟ್ಟಿ ಅಡ್ಡಗೋಡೆ. ಪ್ರತಿ ಸಲವೂ, ಮೊದಲಿನಿಂದ ಕೊನೆಯ ತನಕ ಬಳಸಿದರೆ ಎಚ್.ಐ.ವಿ. ಅಂಟುವ ಅಪಾಯ ಶೇ. 80ರಷ್ಟಾದರೂ ತಗ್ಗುತ್ತದೆ. ಒಂದು ದಿನ ಹಾಕಿ, ನಾಲ್ಕು ದಿನ ಬಿಟ್ಟವನಿಗೆ ಈ ಲೆಕ್ಕ ಅನ್ವಯಿಸದು.

ಸಿಫಿಲಿಸ್, ಹರ್ಪಿಸ್, ಎಚ್.ಪಿ.ವಿ. ಇವುಗಳ ಕಥೆ ಬೇರೆ. ಇವು ಚರ್ಮ ಚರ್ಮಕ್ಕೆ ತಾಗಿದರೂ ಅಂಟುತ್ತವೆ. ಮುಚ್ಚಿದ ಜಾಗಕ್ಕೆ ರಕ್ಷಣೆ ಉಂಟು, ಮುಚ್ಚದ ಜಾಗಕ್ಕೆ ಇಲ್ಲ. ಸಿಫಿಲಿಸ್ ಹುಣ್ಣು ನೋಯುವುದಿಲ್ಲ, ಕೆಲ ವಾರಗಳಲ್ಲಿ ತಾನೇ ಮಾಯುತ್ತದೆ. 'ಆರಾಮ ಆತು' ಅಂದುಕೊಂಡವನ ರಕ್ತದಲ್ಲಿ ರೋಗ ಹಾಗೇ ಇರುತ್ತದೆ, ಮನೆಯಾಕೆಗೂ ದಾಟುತ್ತದೆ, ಆಕೆ ಬಸುರಿಯಾದರೆ ಕೂಸಿಗೂ. ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಗುಪ್ತರೋಗ ವೈದ್ಯರ ಚೀಟಿ ನಂಬಿ ರೊಕ್ಕ ಕಳೆಯುವವರು ಇಂಥವರೇ. ವೇಳೆಗೆ ಸರಿಯಾಗಿ ಪೆನ್ಸಿಲಿನ್ ಸೂಜಿ ಬಿದ್ದರೆ ಗುಣವಾಗುವ ರೋಗವಿದು.

ಅಂಗಡಿಕಾರರಿಗೆ ಒಂದು ಮಾತು. ನಮ್ಮ ಬಿಸಿಲು ಗೊತ್ತಲ್ಲ! ತಗಡಿನ ಡಬ್ಬಿ ಅಂಗಡಿಯ ಗಾಜಿನ ಹಿಂದೆ ಕಾದ ಪಾಕೀಟಿನ ರಬ್ಬರು ಸತ್ವ ಕಳೆದುಕೊಳ್ಳುತ್ತದೆ. ತಣ್ಣಗಿರುವ ಕಡೆ ಇಡಿ, ತಾರೀಖು ಮುಗಿದದ್ದು ತೆಗೆದುಹಾಕಿ. ಪಾಕೀಟನ್ನು ತಿಂಗಳುಗಟ್ಟಲೆ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುವ ಡ್ರೈವರ್ ಮಹಾಶಯರಿಗೂ ಇದೇ ಮಾತು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಹರಿಯುತ್ತದೆ. ಒಂದರ ಮೇಲೊಂದು ಎರಡು ಹಾಕಿದರೂ ತಿಕ್ಕಾಟಕ್ಕೆ ಹರಿಯಬಹುದು.

ಹುಣ್ಣು, ಕೀವು, ಉರಿಮೂತ್ರ ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಂಡ ಹೆಂಡತಿ ಇಬ್ಬರೂ ಹೋಗಿ. ಸರ್ಕಾರಿ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಪುಕ್ಕಟೆ. ಫಲಿತಾಂಶ ಹೊರಗೆ ಬಾಯಿ ಬಿಡುವಂತಿಲ್ಲ ಎಂದು 2017ರ ಕಾಯ್ದೆಯೇ ಹೇಳುತ್ತದೆ. ಅಷ್ಟಕ್ಕೂ ಮುಖ ತೋರಿಸಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು, ಅದಕ್ಕೂ ರೊಕ್ಕ ಇಲ್ಲ.