ಕೊಟ್ಟಿಗೆಯಿಂದ ತೊಟ್ಟಿಲಿಗೆ

ಬಂಧುಗಳ ಮನೆಯ ಗೃಹಪ್ರವೇಶದ ನಿಮಿತ್ತ ಕಡೂರು ತಾಲ್ಲೂಕಿನ ಪಂಚನಹಳ್ಳಿಗೆ ಹೋಗಿದ್ದ ನಾನು, ಊಟಕ್ಕೆ ಇನ್ನೂ ಹೊತ್ತಿದ್ದುದರಿಂದ ತೆಂಗಿನ ತೋಟಗಳ ಅಂಚು ಹಿಡಿದು ಸುಮ್ಮನೆ ನಡೆಯುತ್ತ ಅಂಗನವಾಡಿಯೊಂದರ ಜಗಲಿಯ ಬಳಿ ಬಂದು ನಿಂತೆನು. ಅಲ್ಲಿ ಅರ್ಧ ಗಂಟೆಯಲ್ಲಿ ಕಂಡುದು ಮೂರು ವಾರ ಕಳೆದರೂ ನನ್ನನ್ನು ಬಿಟ್ಟಿಲ್ಲ. ಅಂದು ಗುರುವಾರ, ಲಸಿಕೆಯ ದಿನ. ನೀಲಿ ಡಬ್ಬವನ್ನು ಮೇಜಿನ ಮೇಲಿಟ್ಟುಕೊಂಡು ನರ್ಸಮ್ಮ ಕುಳಿತಿದ್ದರು. ಆಶಾ ಕಾರ್ಯಕರ್ತೆ ತಾಯಿ ಕಾರ್ಡುಗಳನ್ನು ಹೊಂದಿಸಿಡುತ್ತಿದ್ದರು. ಆರು ವಾರದ ಗಂಡುಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಒಬ್ಬ ಅಜ್ಜಿ, ಆಕೆಯ ಬೆನ್ನಿಗೆ ಬಾಣಂತಿ ಸೊಸೆ. ಎದುರು ಮನೆಯ ಕೊಟ್ಟಿಗೆಯಲ್ಲಿ ಮೊನ್ನೆಯಷ್ಟೇ ಕರು ಹಾಕಿದ ಹಸುವೊಂದು ತನ್ನ ಕರುವನ್ನು ನೆಕ್ಕುತ್ತ ನಿಂತಿತ್ತು. ಆ ಹಸು ಅಜ್ಜಿಯ ಮನೆಯದೇ ಎಂದು ಆಮೇಲೆ ತಿಳಿಯಿತು.

ನರ್ಸಮ್ಮ ಸೀಸೆಯೊಂದನ್ನು ಬೆಳಕಿಗೆ ಹಿಡಿದು, ಅದರ ಮೇಲಣ ಪುಟ್ಟ ವೃತ್ತದ ಒಳಗಿನ ಚೌಕ ಇನ್ನೂ ತಿಳಿಬಣ್ಣದ್ದಾಗಿಯೇ ಇದೆಯೆಂದು ಖಚಿತ ಮಾಡಿಕೊಂಡರು. ಬಿಸಿಲಿಗೆ ಸಿಕ್ಕಿ ಲಸಿಕೆ ಕೆಟ್ಟರೆ ಆ ಚೌಕ ಕಪ್ಪಾಗುತ್ತ ಹೋಗಿ ಸುತ್ತಲಿನ ವೃತ್ತದಲ್ಲಿ ಲೀನವಾಗುತ್ತದೆ. ಮೊದಲು ಪೋಲಿಯೋದ ಎರಡು ಹನಿ ಬಿದ್ದಿತು. ಬಳಿಕ ಎರಡನೆಯ ಸೀಸೆ ಹೊರಬಂದಾಗ ಅಜ್ಜಿ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಳು.

“ಹಾಕಿದ್ರಲ್ಲ ನರ್ಸಮ್ಮ, ಇದ್ಯಾವ್ದು ಮತ್ತೊಂದು ಹನಿ?”

“ಇದು ಭೇದಿದು ಕಣಜ್ಜಿ. ಅದು ಕಾಲಿಗೆ, ಇದು ಹೊಟ್ಟೆಗೆ.”

ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ಕೆಲಸ ಮಾಡಿದ ವಿವರಣೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಅಜ್ಜಿಯ ಕೈ ತಾನಾಗಿ ಸರಿಯಿತು. ಕಾಲನ್ನು ಕೆಡಿಸುವ ಪೋಲಿಯೋವೂ ಮೊದಲು ನೆಲೆಗೊಳ್ಳುವುದು ಗಂಟಲಲ್ಲಿ ಮತ್ತು ಕರುಳಿನಲ್ಲಿಯೇ ಎಂಬುದು ನಿಜ. ಬಾಯಿಯಿಂದ ಪ್ರವೇಶಿಸಿ, ಕರುಳಿನಲ್ಲಿ ಸಾವಿರ ಮಡಿಯಾಗಿ, ಎಲ್ಲೋ ಕೆಲವರಲ್ಲಿ ಮಾತ್ರ ನರಗಳನ್ನು ಹಿಡಿಯುವ ಆ ವೈರಸ್ಸಿನ ಸಹಜ (ವೈಲ್ಡ್) ಬಗೆಯ ಕಡೆಯ ಪ್ರಕರಣ ನಮ್ಮ ದೇಶದಲ್ಲಿ ಕಂಡುದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಆದರೆ ನನ್ನ ಕಣ್ಣು ನೆಟ್ಟಿದ್ದು ಎರಡನೆಯ ಸೀಸೆಯ ಮೇಲೆ.

ಮಗು ಮುಖ ಕಿವಿಚಿ ಚಪ್ಪರಿಸಿ ನುಂಗಿದ ಮೇಲೆ ಅಜ್ಜಿ, ಯಾರಿಗೆಂದಲ್ಲದೆ, ತನ್ನ ಎರಡನೆಯ ಹೆಣ್ಣುಮಗುವಿನ ಸಂಗತಿ ಹೇಳಿದಳು. ಎಂಟು ತಿಂಗಳ ಮಗು. ಮೊದಲು ವಾಂತಿ, ಆಮೇಲೆ ನೀರಿನಂಥ ಭೇದಿ. ಹಲ್ಲು ಬರುವ ಕಾಲದ ಭೇದಿ ಎಂದರು ಒಬ್ಬರು, ದೃಷ್ಟಿ ಎಂದರು ಇನ್ನೊಬ್ಬರು. ಮೂರನೆಯ ದಿನ ನೆತ್ತಿ ಕುಳಿಬಿತ್ತು. “ಹರಳೆಣ್ಣೆ ಒತ್ತಿ ಒತ್ತಿ ಕೂತಿದ್ದೆ, ನೆತ್ತಿ ಮೇಲೇಳ್ಲಿಲ್ಲ,” ಎಂದು ಹೇಳುತ್ತ ಆಕೆ ಮಡಿಲ ಮೊಮ್ಮಗನ ನೆತ್ತಿಯ ಮೇಲೆ ಅಂಗೈಯನ್ನು ಇಟ್ಟಳು, ನಾನು ಅಲ್ಲಿಂದ ಹೊರಡುವವರೆಗೂ ತೆಗೆಯಲಿಲ್ಲ. ನೆತ್ತಿ ಇಳಿಯುವುದು ರೋಗವಲ್ಲ, ದೇಹದ ನೀರು ಬತ್ತಿದುದರ ಗುರುತು ಎಂಬುದನ್ನೂ, ಬೇಕಾದುದು ನೆತ್ತಿಗೆ ಎಣ್ಣೆಯಲ್ಲ, ಬಾಯಿಗೆ ಉಪ್ಪು ಸಕ್ಕರೆ ಬೆರೆತ ನೀರು ಎಂಬುದನ್ನೂ ಅಂದು ಆಕೆಗೆ ಹೇಳುವವರು ಇರಲಿಲ್ಲ.

ಈ ಭೇದಿಯ ವೈರಸ್ಸಿನ ಚರಿತ್ರೆ ಕೊಟ್ಟಿಗೆಯಿಂದಲೇ ಆರಂಭವಾಗುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಮೆಬಸ್ ಮತ್ತು ಸಂಗಡಿಗರು ಭೇದಿ ಹತ್ತಿದ ಕರುಗಳಲ್ಲಿ ಇದನ್ನು ಗುರುತಿಸಿದುದು 1969ರಲ್ಲಿ; ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಹೋದ್ಯೋಗಿಗಳು ಮಕ್ಕಳ ಕರುಳಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಅದನ್ನು ಕಂಡುದು 1973ರಲ್ಲಿ. ಗಾಲಿಯಂತೆ ದುಂಡಗೆ ತೋರಿದ್ದರಿಂದ, ಲ್ಯಾಟಿನ್ನಿನ ಗಾಲಿಯ ಹೆಸರನ್ನು ತೆಗೆದು ‘ರೋಟಾ’ ಎಂದು ಕರೆದವರು ಬರ್ಮಿಂಗ್‌ಹ್ಯಾಮಿನ ಫ್ಲೂಯೆಟ್. ಲಸಿಕೆ ಬರುವ ಮುನ್ನ ಐದು ವರ್ಷ ತುಂಬುವಷ್ಟರಲ್ಲಿ ಅದು ಮುಟ್ಟದೆ ಬಿಟ್ಟ ಮಗು ಯಾವ ದೇಶದಲ್ಲಿಯೂ ಇರಲಿಲ್ಲವೆಂದೇ ಹೇಳಬಹುದು. ನೀರು ಕಾಯಿಸಿ ಕುಡಿಯಿರಿ, ಕೈ ತೊಳೆಯಿರಿ ಎಂಬ ಗೋಡೆಬರಹಗಳನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಮಗುವಿಗೆ ಭೇದಿಯಾದರೆ ತಾಯಿಯ ಕೊಳಕೇ ಕಾರಣವೆಂದು ಬಾಯಿ ಮಾಡುವವರಿಗೆ, ಕೊಳಾಯಿಯಲ್ಲಿ ಶುದ್ಧ ನೀರು ಹರಿಯುವ ಮೆಲ್ಬರ್ನಿನ ಮಕ್ಕಳನ್ನೂ ಇದು ಹಿಡಿಯಿತೆಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ಬಡವರ ಮಕ್ಕಳಿಗೆ ಬಂದ ವಿಶೇಷವಾದ ಕಷ್ಟವೆಂದರೆ ಸಲೈನಿಗೂ ಮನೆಗೂ ನಡುವಿನ ದೂರ. 2013ರಲ್ಲಿ ಪ್ರಪಂಚದಲ್ಲಿ ಇದರಿಂದ ತೀರಿಕೊಂಡ ಐದು ವರ್ಷದೊಳಗಿನ ಮಕ್ಕಳು ಸುಮಾರು 2,15,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಐವರಲ್ಲಿ ಒಬ್ಬರಿಗೂ ಮಿಗಿಲಾಗಿ ನಮ್ಮ ದೇಶದ ಮಕ್ಕಳು.

ಇನ್ನು, ಪಂಚನಹಳ್ಳಿಯ ಜಗಲಿಯಲ್ಲಿ ನಿಂತಾಗ ನನಗೆ ನೆನಪಾದ ವಿಚಿತ್ರ ಸಂಗತಿ. ನಾನು ವರ್ಷಗಳಿಂದ ಕತ್ತರಿಸಿಟ್ಟುಕೊಂಡ ಕಾಗದಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದೇ ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾರಾವ್ ಮತ್ತು ಅವರ ಸಂಗಡಿಗರು ನಗರದ ಆಸ್ಪತ್ರೆಗಳ ಹಸುಗೂಸುಗಳ ಮಲವನ್ನು ಪರೀಕ್ಷಿಸುತ್ತಿದ್ದಾಗ, ಭೇದಿಯೂ ಇಲ್ಲದ, ವಾಂತಿಯೂ ಇಲ್ಲದ, ಹಾಲು ಕುಡಿದು ಸುಖವಾಗಿ ನಿದ್ರಿಸುತ್ತಿದ್ದ ನವಜಾತ ಶಿಶುಗಳಲ್ಲಿ ರೋಟಾ ವೈರಸ್ ಹೇರಳವಾಗಿ ದೊರೆಯಿತು. ಈ ವೈರಸ್ಸಿನ ವಂಶದ್ರವ್ಯ ಎರಡೆಳೆಯ ಆರ್‌ಎನ್‌ಎಯ 11 ತುಣುಕುಗಳು. ಅವನ್ನು ಬೇರ್ಪಡಿಸಿ, ತೆಳ್ಳನೆಯ ಜೆಲ್ಲಿನೊಳಗೆ ವಿದ್ಯುತ್ತಿನಿಂದ ಓಡಿಸಿ, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿದರೆ, ದೊಡ್ಡ ತುಣುಕು ಮೇಲೆ, ಚಿಕ್ಕದು ಕೆಳಗೆ, ಏಣಿಯ ಮೆಟ್ಟಿಲುಗಳಂತೆ ಗೆರೆಗಳು ಮೂಡುತ್ತವೆ. ಮನುಷ್ಯರ ವೈರಸ್ಸಿನಲ್ಲಿ ಮೊದಲನೆಯ ಉಪಗುಂಪಿನವಕ್ಕೆ ಸಾಮಾನ್ಯವಾಗಿ ‘ಗಿಡ್ಡ’ ಎನ್ನುವ ಏಣಿ, ಎರಡನೆಯದಕ್ಕೆ ‘ಉದ್ದ’ದ್ದು. ಬೆಂಗಳೂರಿನ ಕೂಸುಗಳದು ಮೊದಲನೆಯ ಉಪಗುಂಪು, ಏಣಿ ಮಾತ್ರ ಉದ್ದ! ಇಂಥ ಜೋಡಣೆ ಕಾಣುವುದು ಪ್ರಾಣಿಗಳ ವೈರಸ್ಸಿನಲ್ಲಿ. 1992 ಮತ್ತು 1993ರಲ್ಲಿ ಪ್ರಕಟವಾದ ಅವರ ಲೇಖನಗಳು ಈ ಗುಟ್ಟನ್ನು ಬಿಡಿಸಿದುವು: ‘ಐ 321’ ಎಂದು ಗುರುತಿಟ್ಟ ಆ ಬಗೆಯ ಹೊರಕವಚದ ಎರಡು ಪ್ರೋಟೀನುಗಳೂ ದನಗಳ ರೋಟಾವಿನವನ್ನೇ ಹೋಲುತ್ತಿದ್ದುವು. 11 ತುಣುಕುಗಳಲ್ಲಿ 9 ದನದವು, 2 ಮಾತ್ರ ಮನುಷ್ಯರ ವೈರಸ್ಸಿನವು. ಯಾವುದೋ ಜೀವದ ಕರುಳಿನಲ್ಲಿ ಎರಡು ವೈರಸ್ಸುಗಳು ಒಂದೇ ಜೀವಕೋಶವನ್ನು ಹೊಕ್ಕು, ತಮ್ಮ ತುಣುಕುಗಳನ್ನು ಕಲಸಿಕೊಂಡಾಗ ಹುಟ್ಟಿದ ಮಿಶ್ರಸಂತಾನ ಅದು. ಶ್ವಾಸಮಾರ್ಗವನ್ನು ಹಿಡಿಯುವ ಇನ್‌ಫ್ಲುಯೆನ್ಜಾ ವೈರಸ್ಸು ತನ್ನ 8 ತುಣುಕುಗಳಿಂದ ಹಕ್ಕಿಗೂ ಹಂದಿಗೂ ಮನುಷ್ಯನಿಗೂ ನಡುವೆ ಇದೇ ವಿನಿಮಯವನ್ನು ನಡೆಸಿ ಜಗತ್ತನ್ನು ನಡುಗಿಸುತ್ತದೆ. ಕೊಟ್ಟಿಗೆ ಮತ್ತು ತೊಟ್ಟಿಲುಗಳ ನಡುವೆ ನಡೆದ ಈ ವಿನಿಮಯ ಒಂದು ಕೂಸನ್ನೂ ಅಳಿಸಲಿಲ್ಲ.

ಅದು ನವಜಾತ ಶಿಶುಗಳನ್ನೇ ಏಕೆ ಆರಿಸಿಕೊಂಡಿತು? ಉತ್ತರದ ಒಂದು ಎಳೆ ಈಚಿನ ವರ್ಷಗಳಲ್ಲಿ ದೊರೆತಿದೆ. ಇದೇ ಬಗೆಯ ಹೊರಕವಚವುಳ್ಳ ವೈರಸ್ಸು ಜೀವಕೋಶದ ಮೇಲಿನ ಒಂದು ವಿಶಿಷ್ಟ ಸಕ್ಕರೆಯ ಸರಪಣಿಗೆ ಅಂಟಿಕೊಳ್ಳುತ್ತದೆ. ಆ ಸರಪಣಿ ಎಳೆಗೂಸಿನ ಕರುಳಿನಲ್ಲಿ ಹೇರಳ, ಮಗು ಬೆಳೆದಂತೆ ಅದರ ಮೇಲೆ ಬೇರೆ ಸಕ್ಕರೆಗಳು ಕೂಡಿ ರೂಪ ಬದಲಾಗುತ್ತದೆ. ಅದೇ ಸಕ್ಕರೆಯ ಸರಪಣಿ ತಾಯಿಯ ಹಾಲಿನಲ್ಲಿಯೂ ಇದೆ, ಹಸುವಿನ ಹಾಲಿನಲ್ಲಿಯೂ ಇದೆ. ಎರಡು ಜಾತಿಯ ಪ್ರಾಣಿಗಳ ಎಳೆತನದಲ್ಲಿ ಒಂದೇ ಬೀಗ, ಒಂದೇ ಬೀಗದಕೈ.

ರೋಗ ತಾರದ ವೈರಸ್ಸೇ ರೋಗದಿಂದ ಕಾಯಬಲ್ಲುದೆಂಬ ವಿಚಾರ ಆಗಲೇ ಹಬ್ಬಿತ್ತು. ಹುಟ್ಟಿದ ಹೊಸತರಲ್ಲಿ ಸದ್ದಿಲ್ಲದೆ ಸೋಂಕಿದ ಮಕ್ಕಳಿಗೆ ಮುಂದೆ ಉಗ್ರವಾದ ಭೇದಿ ಬರುವುದಿಲ್ಲವೆಂದು 1983ರಲ್ಲಿ ರೂತ್ ಬಿಷಪ್ಪರೇ ತೋರಿಸಿದ್ದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಎಂ. ಕೆ. ಭಾನ್ ಮತ್ತು ಸಂಗಡಿಗರಿಗೂ ಅಲ್ಲಿನ ಹಸುಗೂಸುಗಳಿಂದ ‘116 ಇ’ ಎಂಬ ಸೌಮ್ಯವಾದ ವೈರಸ್ಸು ದೊರೆತಿತ್ತು: ಅದರಲ್ಲಿ ದನದ ತುಣುಕು ಒಂದೇ ಒಂದು. ಎರಡನ್ನೂ ಮಕ್ಕಳ ಮೇಲೆ ಪರೀಕ್ಷಿಸಿದಾಗ ದೆಹಲಿಯದು ಹೆಚ್ಚು ಪ್ರತಿರೋಧವನ್ನು ಹುಟ್ಟಿಸಿತು, ಬೆಂಗಳೂರಿನದು ಹಿಂದೆ ಬಿದ್ದಿತು. ಹೀಗೆ 116 ಇ ಹೈದರಾಬಾದಿನ ಭಾರತ್ ಬಯೋಟೆಕ್ಕಿನ ಕೈಯಲ್ಲಿ ರೋಟಾವ್ಯಾಕ್ ಆಯಿತು. ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ರೋಟಾದ ಉಗ್ರ ಭೇದಿಯನ್ನು ನೂರಕ್ಕೆ ಸುಮಾರು 54ರಷ್ಟು ತಡೆಯಿತು. ಐ 321 ಗ್ರಂಥಾಲಯಕ್ಕೆ ಸೇರಿತು. ಪರೀಕ್ಷೆಯ ತೀರ್ಮಾನ ನ್ಯಾಯವಾದುದೇ. ಆದರೂ ನಮ್ಮ ನಾಡಿನ ಕೂಸುಗಳಲ್ಲಿ ದೊರೆತ ಈ ಅಪೂರ್ವ ವಸ್ತು ನಮ್ಮ ಪತ್ರಿಕೆಗಳಲ್ಲಿ ನಾಲ್ಕು ಸಾಲನ್ನೂ ಪಡೆಯದೆ ಹೋದುದು ನನಗೆ ಇಂದಿಗೂ ಸಂಕಟ.

2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ 2019ರ ಹೊತ್ತಿಗೆ ದೇಶದ ತುಂಬ ಹಬ್ಬಿದ ಈ ಲಸಿಕೆ ನಮ್ಮಲ್ಲಿ 6, 10 ಮತ್ತು 14ನೆಯ ವಾರಗಳಲ್ಲಿ ಬೀಳುತ್ತದೆ. ಸರಕಾರ ಬಳಸುವುದು ಎರಡು ಬಗೆ. ಒಂದು ರೋಟಾವ್ಯಾಕ್, ಇನ್ನೊಂದು ಪುಣೆಯ ಸೀರಮ್ ಸಂಸ್ಥೆಯ ರೋಟಾಸಿಲ್, ಅದಂತೂ ದನದ ವೈರಸ್ಸಿನ ಮೈಗೆ ಮನುಷ್ಯರ ವೈರಸ್ಸಿನ ಹೊರಮೈಯನ್ನು ತೊಡಿಸಿ ಮಾಡಿದುದು. ಸೀಸೆ ಯಾವುದಾದರೂ ಆಗಲಿ, ಅದರೊಳಗೆ ಕೊಟ್ಟಿಗೆಯ ಪಾಲಿದ್ದೇ ಇದೆ. ವ್ಯಾಕ್ಸಿನ್ ಎಂಬ ಹೆಸರೇ ಲ್ಯಾಟಿನ್ನಿನ ಹಸುವಿನಿಂದ ಬಂದುದಲ್ಲವೆ. ನಮ್ಮ ಹಿರಿಯರು ತೋಳಿಗೆ ಮೈಲಿ ಹಾಕಿಸಿಕೊಂಡಾಗಲೂ ಅದರ ಮೂಲ ದನದ ಕೆಚ್ಚಲಿನ ಗುಳ್ಳೆ.

ಇದರಲ್ಲಿ ಎಷ್ಟನ್ನು ಅಜ್ಜಿಗೆ ಹೇಳಲಾದೀತು? ಆ ಹನಿಯಲ್ಲಿ ಹಸುವಿನದೂ ಒಂದು ಪಾಲು ಇದೆಯೆಂದಷ್ಟೇ ಹೇಳಿದೆನು. ಆಕೆ ಕೊಟ್ಟಿಗೆಯ ಕಡೆ ನೋಡಿದಳು.

“ಹಂಗಾರೆ ಗಿಣ್ಣು ಇದ್ದಂಗೆ ಅನ್ನಿ. ಮೊದಲ್ನೇ ದಿನ ಗಿಣ್ಣು ಬಿಡದಿದ್ರೆ ಕರೀಗೆ ಭೇದಿ ಹತ್ಕಳ್ತದೆ, ನಾವು ಒಂದು ತೊಟ್ಟೂ ಕರ್ಕಳದೇ ಬಿಡ್ತೀವಿ.”

ಗಿಣ್ಣಿನಲ್ಲಿರುವುದು ತಾಯಿ ಕಟ್ಟಿಕೊಟ್ಟ ಪ್ರತಿಕಾಯ, ಹನಿಯಲ್ಲಿರುವುದು ಕರುಳಿಗೆ ಕಲಿಸುವ ಸೌಮ್ಯ ವೈರಸ್ಸು, ಎರಡೂ ಒಂದಲ್ಲ. ತಿದ್ದಲು ಬಾಯಿ ತೆರೆದವನು ಸುಮ್ಮನಾದೆನು. ಕರುವಿನ ಕರುಳನ್ನು ರೋಟಾದಿಂದ ಕಾಯುವುದು ಆ ಗಿಣ್ಣೇ ಎಂಬುದು ಪಶುವೈದ್ಯರ ಪುಸ್ತಕದಲ್ಲಿಯೂ ಇದೆ, ಆಕೆಯ ಬಾಯಲ್ಲಿಯೂ ಇತ್ತು.

ನರ್ಸಮ್ಮ ಕಾರ್ಡಿನಲ್ಲಿ ಮುಂದಿನ ತಾರೀಖನ್ನು ಬರೆದು ಅದರ ಸುತ್ತ ಒಂದು ಸುತ್ತು ಎಳೆದು ಸೊಸೆಯ ಕೈಗಿತ್ತರು. ಅಜ್ಜಿ ಅದನ್ನು ಇಸಿದುಕೊಂಡು ನನ್ನ ಕಡೆ ಚಾಚಿ, “ಯಾವಾಗಂತೆ, ಓದ್ಹೇಳಪ್ಪ” ಎಂದಳು. ಇನ್ನೊಂದು ಕೈ ಮಗುವಿನ ನೆತ್ತಿಯ ಮೇಲೆಯೇ ಇತ್ತು.