ಕುಡಿತ ಬಿಟ್ಟವರ ಲೆಕ್ಕ

‘ಎಷ್ಟು ಕುಡೀತೀರಿ?’ ಎಂದರೆ ಸಂಡೂರು ತಾಲ್ಲೂಕಿನ ಬಂಡ್ರಿ ಕಡೆಯ ಲಾರಿ ಚಾಲಕ ‘ದಿನಾ ಒಂದು ತೊಂಬತ್ತು, ಅಷ್ಟೇರೀ’ ಎಂದಾನು. ಫಾರಂ ತುಂಬುವವರು ‘ದಿನಕ್ಕೆ ಒಂದು ಡ್ರಿಂಕ್’ ಎಂದು ಬರೆದುಕೊಂಡರೆ ಕೆಟ್ಟಿತು. ಶೇ 42.8ರಷ್ಟು ಮದ್ಯಸಾರವಿರುವ 90 ಮಿ.ಲೀ. ಪಾಕೀಟಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಒಂದು ಡ್ರಿಂಕ್ 10 ಗ್ರಾಂ. ಅಮೆರಿಕದಲ್ಲಿ 14, ಬ್ರಿಟನ್ನಿನ ಯೂನಿಟ್ಟು 8.

ಪ್ರಶ್ನೆ ಬದಲಾದರೆ ದೇಶದ ಚಿತ್ರವೇ ಬದಲಾಗುತ್ತದೆ. ದೆಹಲಿಯ ಏಮ್ಸ್ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 10ರಿಂದ 75 ವರ್ಷದ ಪುರುಷರಲ್ಲಿ ಹಿಂದಿನ 12 ತಿಂಗಳಲ್ಲಿ ಕುಡಿದವರು ಶೇ 27.3. ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ 15 ದಾಟಿದ ಗಂಡಸರಲ್ಲಿ ಕುಡಿಯುವವರು ಶೇ 19ರಷ್ಟು. ಕುಡಿತ ಇಳಿಯಿತು ಎಂದು ಇದರಿಂದ ಯಾರೂ ಬೀಗಬೇಕಿಲ್ಲ. ವಯಸ್ಸು, ಅವಧಿ, ಕೇಳಿದ ರೀತಿ ಎಲ್ಲವೂ ಬೇರೆ.

ಸಮಾನ ಅಳತೆಗೋಲು ಇಲ್ಲವೆಂದಲ್ಲ. ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ 40ಕ್ಕೆ 8 ಬಂದರೆ ಎಚ್ಚರಿಕೆ. ಅದನ್ನು ರೂಪಿಸಿದ ಆರು ದೇಶಗಳ ಅಧ್ಯಯನದಲ್ಲಿ ನಾರ್ವೆ, ಕೆನ್ಯಾ, ಮೆಕ್ಸಿಕೊ ಇದ್ದವು, ಭಾರತ ಇರಲಿಲ್ಲ. ಹಾಗಾಗಿ ಪಟ್ಟಿಯನ್ನು ಕನ್ನಡಕ್ಕೆ ತಂದರಷ್ಟೇ ಸಾಲದು. ಕ್ವಾರ್ಟರ್, ತೊಂಬತ್ತು, ಬೀರು ಬಾಟಲಿಗಳ ಚಿತ್ರ ತೋರಿಸಿ ಕೇಳಬೇಕು. ನೆನಪು ಕೆದಕಲು ‘ಟೈಮ್‌ಲೈನ್ ಫಾಲೋಬ್ಯಾಕ್’ ಎಂಬ ಕ್ಯಾಲೆಂಡರ್ ವಿಧಾನವಿದೆ: ಉಗಾದಿಗೆ, ಮೊಹರಂಗೆ, ಬಟವಾಡೆಯ ದಿನ ಎಷ್ಟಾಯಿತು ಎಂದು ದಿನ ಹಿಡಿದು ಕೇಳುವುದು. ನಮ್ಮ ಹಳ್ಳಿಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ನಿಜವಾದ ಕಿತಾಪತಿ ‘ಬಿಟ್ಟ’ ಎಂಬಲ್ಲಿ. ಕುಡಿತ ಬಿಡಿಸುವ ಶಿಬಿರದಿಂದ ನೂರು ಜನ ಮನೆಗೆ ಹೋದರೆನ್ನಿ. ಆರು ತಿಂಗಳ ನಂತರ ಸಿಕ್ಕವರು 60, ಅವರಲ್ಲಿ ಕುಡಿಯದವರು 40. ಸಿಕ್ಕವರನ್ನಷ್ಟೇ ಎಣಿಸಿದರೆ ಯಶಸ್ಸು ಶೇ 67. ಕಾಣೆಯಾದವರೆಲ್ಲ ಕುಡಿಯುತ್ತಿದ್ದಾರೆಂದು ಹಿಡಿದರೆ ಶೇ 40. ಈ ಎರಡೂ ಲೆಕ್ಕಗಳು ಅಧ್ಯಯನಗಳಲ್ಲಿ ಬಳಕೆಯಲ್ಲಿರುವವೇ. ಕರಪತ್ರಕ್ಕೆ ಹೋಗುವುದು ಮಾತ್ರ ಮೊದಲನೆಯದು.

ಈ ಸೀಮೆಯಲ್ಲಿ ಕಾಣೆಯಾಗುವುದು ಸುಲಭ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ. ಒಂದೆಡೆ ದಾಖಲಾದವನು ಗಡಿಯಾಚೆಯ ಆಸ್ಪತ್ರೆಯಲ್ಲಿ ಹೊಸ ರೋಗಿ. ಗಣಿ ನಿಂತರೆ, ಕಬ್ಬು ಕಡಿತ ಮುಗಿದರೆ ಊರೇ ಬದಲು. ದುಬಾರಿ ಸಾಫ್ಟ್‌ವೇರ್‌ಗೂ ಮೊದಲು ಬೇಕಾದದ್ದು, ಎರಡೂ ಜಿಲ್ಲೆಗಳ ರಿಜಿಸ್ಟರಿನಲ್ಲಿ ಒಂದೇ ಪ್ರಶ್ನೆ, ಒಂದೇ ಅವಧಿ, ಜೊತೆಗೆ ‘ಸಿಗಲಿಲ್ಲ’ ಎಂದು ಬರೆಯಲು ಒಂದು ಕಾಲಂ.